ಯುಎಇಗೆ ರಫ್ತು: ಅಬುಧಾಬಿ ರಾಯಭಾರ ಕಚೇರಿ, ದುಬೈ ಕಾನ್ಸುಲೇಟ್‌ನಿಂದ ನಿಜಕ್ಕೂ ಏನು ಕೆಲಸ ಆಗುತ್ತದೆ?

ವಾಲ್ವ್_ಪೀಣ್ಯ:
ಪೀಣ್ಯದ ಸಣ್ಣ ಘಟಕ. ಕೈಗಾರಿಕಾ ಬಾಲ್ ವಾಲ್ವ್, ಚೆಕ್ ವಾಲ್ವ್, ಎಚ್‌ಎಸ್ (ಸರಕು ವರ್ಗೀಕರಣದ ಅಂತರರಾಷ್ಟ್ರೀಯ ಸಂಕೇತ) 8481. ಐಇಸಿ (ಆಮದು-ರಫ್ತು ಸಂಕೇತ ಸಂಖ್ಯೆ) ಇದೆ, ಇಇಪಿಸಿ (ಎಂಜಿನಿಯರಿಂಗ್ ರಫ್ತು ಉತ್ತೇಜನ ಮಂಡಳಿ) ಸದಸ್ಯತ್ವ ಇದೆ. ದುಬೈಯ ಒಂದು ಟ್ರೇಡಿಂಗ್ ಕಂಪನಿ, ಅಬುಧಾಬಿಯ ಒಂದು ಗುತ್ತಿಗೆ ಕಂಪನಿ ದರ ಕೇಳಿವೆ. ನಮ್ಮ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗ ಸಹಾಯ ಮಾಡುತ್ತೆ ಅಂತ ಪ್ರತಿ ಸೆಮಿನಾರಿನಲ್ಲೂ ಹೇಳ್ತಾರೆ, ಏನು ಸಹಾಯ ಅಂತ ಯಾರೂ ಬಿಡಿಸಿ ಹೇಳಲ್ಲ. ಯಾರಿಗೆ ಬರೆಯೋದು? ಪಾರ್ಟಿ ಅಸಲಿಯೋ ನಕಲಿಯೋ ನೋಡಿ ಹೇಳ್ತಾರಾ? ದುಡ್ಡು ಸಿಕ್ಕಿಹಾಕಿಕೊಂಡರೆ ಏನಾದರೂ ಆಗುತ್ತಾ? ಮುಂದೆ ಅಲ್ಲೇ ಒಂದು ಕಂಪನಿ ತೆರೆಯುವ ಯೋಚನೆಯೂ ಇದೆ.

ಹಡಗುಪತ್ರ:
ಮೊದಲು ಯಾವ ಕಚೇರಿ ಯಾರ ಪರ ಅನ್ನೋದು ಸ್ಪಷ್ಟ ಆಗಲಿ, ಅರ್ಧ ಜನ ಎಡವೋದು ಇಲ್ಲೇ. ನೀವು ಭಾರತದಿಂದ ಮಾರುವವರು, ಹಾಗಾಗಿ ನಿಮ್ಮ ಕೆಲಸಕ್ಕೆ ಬರೋದು ಆ ದೇಶದಲ್ಲಿರುವ ಭಾರತದ ಕಚೇರಿ. ಬೆಂಗಳೂರಿನಲ್ಲಿರುವ ಜರ್ಮನಿ, ಜಪಾನ್, ಫ್ರಾನ್ಸ್ ಕಾನ್ಸುಲೇಟುಗಳ ವಾಣಿಜ್ಯ ಸಿಬ್ಬಂದಿ ಇರೋದು ಅವರವರ ದೇಶದ ಕಂಪನಿಗಳಿಗಾಗಿ. ನೀವು ಅಲ್ಲಿಂದ ಯಂತ್ರ ತರಿಸುವುದಾದರೆ, ಅಥವಾ ಅಲ್ಲಿ ಬಂಡವಾಳ ಹೂಡುವುದಾದರೆ ಮಾತ್ರ ಅವರಿಗೆ ನಿಮ್ಮಲ್ಲಿ ಆಸಕ್ತಿ. ನಿಮ್ಮ ವಾಲ್ವಿಗೆ ಗಿರಾಕಿ ಹುಡುಕಿಕೊಡಿ ಅಂತ ಅವರನ್ನು ಕೇಳೋದು ತಪ್ಪು ಕಿಟಕಿಯಲ್ಲಿ ಸಾಲು ನಿಂತ ಹಾಗೆ.

ಯುಎಇಯಲ್ಲಿ ನಮ್ಮವು ಎರಡು ಕಚೇರಿ. ಅಬುಧಾಬಿ ಎಮಿರೇಟ್ ರಾಯಭಾರ ಕಚೇರಿಯ ವ್ಯಾಪ್ತಿ. ದುಬೈ, ಶಾರ್ಜಾ, ಅಜ್ಮಾನ್, ಉಮ್ಮಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾ ದುಬೈ ಕಾನ್ಸುಲೇಟ್ ಜನರಲ್ ವ್ಯಾಪ್ತಿ. ಖರೀದಿದಾರನ ಟ್ರೇಡ್ ಲೈಸೆನ್ಸ್ ಯಾವ ಎಮಿರೇಟಿನದೋ ಆ ಕಚೇರಿಗೆ ಬರೆಯಿರಿ. ಗೋದಾಮು ಎಲ್ಲಿದೆ ಅನ್ನೋದು ಮುಖ್ಯ ಅಲ್ಲ. ನಿಮ್ಮ ಇಬ್ಬರು ಪಾರ್ಟಿಗಳಿಗೆ ಎರಡು ಬೇರೆ ಬೇರೆ ಪತ್ರ. ಎರಡನ್ನೂ ಒಂದರಲ್ಲಿ ಬರೆದು ಎರಡೂ ಕಡೆ ಪ್ರತಿ ಹಾಕಿದರೆ, ಅವರು ನೋಡಿಕೊಳ್ತಾರೆ ಅಂತ ಇವರು, ಇವರು ನೋಡಿಕೊಳ್ತಾರೆ ಅಂತ ಅವರು ಸುಮ್ಮನಾಗ್ತಾರೆ.

ಕರಾವಳಿ_ಸರಕು:
ಬರೆದರೂ ಉತ್ತರ ಬರಲ್ಲ ಸ್ವಾಮಿ. ಬಂದರೂ ಒಂದು ಪಿಡಿಎಫ್, ಅದರಲ್ಲಿ ಹತ್ತು ವರ್ಷ ಹಳೇ ಆಮದುದಾರರ ಪಟ್ಟಿ. ಅರ್ಧ ಇಮೇಲ್ ವಾಪಸ್ ಬರುತ್ತೆ.

ಹಡಗುಪತ್ರ:
ಪಟ್ಟಿ ಕೇಳಿದವರಿಗೆ ಪಟ್ಟಿಯೇ ಬರುತ್ತೆ. 'ನಮ್ಮ ಕ್ಯಾಟಲಾಗ್ ಲಗತ್ತಿಸಿದೆ, ಆಮದುದಾರರ ವಿವರ ಕಳಿಸಿ' ಅಂತ ಬರುವ ಪತ್ರಗಳಿಗೆ ಸಿದ್ಧ ಉತ್ತರವೇ ಇರೋದು. ಒಂದೇ ಖಚಿತ ಪ್ರಶ್ನೆ ಇದ್ದರೆ ಅದು ಕೆಲಸ ಮಾಡುವವರ ಮೇಜಿಗೆ ಹೋಗುತ್ತೆ. ಉದಾಹರಣೆಗೆ, 'ಇಂಥ ಲೈಸೆನ್ಸ್ ಸಂಖ್ಯೆಯ ಕಂಪನಿ ಕೊಟ್ಟ ವಿಳಾಸದಲ್ಲಿ ನಡೆಯುತ್ತಿದೆಯೇ, ಇದರ ಮೇಲೆ ಭಾರತೀಯ ರಫ್ತುದಾರರ ದೂರು ನಿಮ್ಮಲ್ಲಿ ದಾಖಲಾಗಿದೆಯೇ?' ಇದಕ್ಕೆ ಹೌದು, ಇಲ್ಲ ಅಂತ ಉತ್ತರಿಸಬಹುದು.

ಪತ್ರ ಒಂದೇ ಪುಟ ಇರಲಿ. ಎಂಟು ಅಂಕಿಯ ಎಚ್‌ಎಸ್ ಕೋಡ್ ಬರೆಯಿರಿ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಆಮೇಲಿನವು ಅಲ್ಲಿ ಬೇರೆ ಇರುತ್ತವೆ, ಹಾಗಾಗಿ ವಸ್ತುವಿನ ವಿವರಣೆಯೂ ಬೇಕು: ಯಾವ ಲೋಹ, ಯಾವ ಅಳತೆ, ಎಷ್ಟು ಒತ್ತಡದ ದರ್ಜೆ, ಯಾವ ಮಾನದಂಡಕ್ಕೆ ಪರೀಕ್ಷೆ. ತಿಂಗಳಿಗೆ ಎಷ್ಟು ಕಳಿಸಬಲ್ಲಿರಿ, ಎಫ್‌ಒಬಿ ದರ (ಹಡಗಿಗೆ ಏರಿಸುವ ತನಕದ ಬೆಲೆ) ಯಾವ ಬಂದರಿನದು, ಐಇಸಿ, ಜಿಎಸ್‌ಟಿ ಸಂಖ್ಯೆ, ಸದಸ್ಯತ್ವ ಪತ್ರದ ಸಂಖ್ಯೆ. ಜಿಮೇಲ್ ವಿಳಾಸದಿಂದ ಬೇಡ, ಕಂಪನಿಯ ಡೊಮೇನಿನಿಂದ ಬರೆಯಿರಿ. ಐಇಸಿಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ ನವೀಕರಿಸಬೇಕು. ಬದಲಾವಣೆ ಏನೂ ಇಲ್ಲದಿದ್ದರೂ ದೃಢೀಕರಿಸಬೇಕು, ಮರೆತರೆ ನಿಷ್ಕ್ರಿಯ ಆಗುತ್ತೆ. ನಿಷ್ಕ್ರಿಯ ಐಇಸಿ ಹಿಡಿದು ಸಹಾಯ ಕೇಳಿದರೆ ಅಲ್ಲಿಗೇ ಮುಗೀತು.

ಜೆಬಲ್‌ಅಲಿ_ಕನ್ನಡಿಗ:
ಇದಕ್ಕೆ ಒಂದು ಮಾತು ಸೇರಿಸ್ತೀನಿ. ದೆಹಲಿಯಿಂದ ಬರುವ ವಾಣಿಜ್ಯ ಅಧಿಕಾರಿ ಸುಮಾರು ಮೂರು ವರ್ಷಕ್ಕೆ ಬದಲಾಗ್ತಾರೆ. ಕಡತದ ನೆನಪು ಇರೋದು ಸ್ಥಳೀಯವಾಗಿ ನೇಮಕವಾದ ಮಾರ್ಕೆಟಿಂಗ್ ಸಿಬ್ಬಂದಿಯ ಹತ್ತಿರ. ಯಾವ ಆಮದುದಾರ ಯಾವ ಸರಕು ತರಿಸ್ತಾನೆ, ಯಾರು ಎಲ್ಲರ ಹತ್ತಿರವೂ ಸಾಲ ಮಾಡಿಕೊಂಡಿದ್ದಾನೆ ಅನ್ನೋದು ಅವರಿಗೆ ಗೊತ್ತು. ಅಧಿಕಾರಿಗೆ ಇಮೇಲ್ ಹಾಕಿ, ವಾರ ಬಿಟ್ಟು ಫೋನ್ ಮಾಡಿ, ವಿಷಯ ಯಾರ ಮೇಜಿನಲ್ಲಿದೆ ಅಂತ ಕೇಳಿ. ಜೊತೆಗೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟ್ರೇಡ್ ಕನೆಕ್ಟ್ ಪೋರ್ಟಲ್ ಇದೆ, ಅದರಲ್ಲಿ ವಿದೇಶದ ನಮ್ಮ ಕಚೇರಿಗಳನ್ನೂ ಜೋಡಿಸಿದ್ದಾರೆ. ಅಲ್ಲಿ ಹಾಕಿದ ಪ್ರಶ್ನೆಗೆ ದಾಖಲೆ ಉಳಿಯುತ್ತೆ. ಬರೀ ಇಮೇಲ್ ಹಾಕಿದರೆ ಉಳಿಯುತ್ತೆ ಅನ್ನೋ ಖಾತ್ರಿ ಇಲ್ಲ.

ವಾಲ್ವ್_ಪೀಣ್ಯ:
ಅಂದರೆ ದುಬೈ ಟ್ರೇಡಿಂಗ್ ಕಂಪನಿ ಸಾಚಾ ಅಂತ ಕಾನ್ಸುಲೇಟ್ ಬರೆದುಕೊಟ್ಟರೆ ಸಾಲದ ಮೇಲೆ ಕಳಿಸಬಹುದಾ? 60 ದಿನ ಕೇಳ್ತಿದ್ದಾರೆ, ಮುಂದಿನ ದಿನಾಂಕದ ಚೆಕ್ ಕೊಡ್ತಾರಂತೆ.

ಜೆಬಲ್‌ಅಲಿ_ಕನ್ನಡಿಗ:
ಹಾಗೆ ಯಾರೂ ಬರೆದುಕೊಡಲ್ಲ. 'ನಮ್ಮ ದಾಖಲೆಯಲ್ಲಿ ವ್ಯತಿರಿಕ್ತ ಏನೂ ಇಲ್ಲ' ಅಂತ ಬಂದರೂ ಅದರ ಅರ್ಥ ಇಷ್ಟೇ, ಇದುವರೆಗೆ ಯಾರೂ ದೂರು ಕೊಟ್ಟಿಲ್ಲ. ಲೈಸೆನ್ಸ್ ಇದೆಯಾ ಅಂತ ನೀವೇ ನೋಡಬಹುದು. ಯುಎಇ ಅರ್ಥ ಸಚಿವಾಲಯದ ನ್ಯಾಷನಲ್ ಎಕನಾಮಿಕ್ ರಿಜಿಸ್ಟರ್ ಆನ್‌ಲೈನ್‌ನಲ್ಲಿ ಇದೆ. ಹೆಸರು ಸಿಕ್ಕಿತು ಅಂತ ಅಲ್ಲಿಗೆ ನಿಲ್ಲಿಸಬೇಡಿ. ಲೈಸೆನ್ಸ್ ಕೊಟ್ಟ ದಿನಾಂಕ, ಮುಗಿಯುವ ದಿನಾಂಕ, ಅದರಲ್ಲಿ ನಮೂದಾದ ವ್ಯಾಪಾರ ಯಾವುದು ಅಂತ ಓದಿ. ಆಹಾರ ಪದಾರ್ಥದ ಲೈಸೆನ್ಸ್ ಇರುವವನು ವಾಲ್ವ್ ಕೇಳಿದರೆ ಯಾಕೆ ಅಂತ ಪ್ರಶ್ನಿಸಿ.

ಮೋಸದ ಮಾದರಿ ಬಹಳ ವರ್ಷದಿಂದ ಒಂದೇ. ಹಳೆಯ, ಸಣ್ಣ, ಚೊಕ್ಕಟ ಲೈಸೆನ್ಸ್ ಒಂದನ್ನು ಕೊಂಡುಕೊಳ್ತಾರೆ. ಬಾಡಿಗೆಗೆ ಒಳ್ಳೆ ಆಫೀಸು ಹಿಡೀತಾರೆ. ಮೊದಲ ಎರಡು ಸಣ್ಣ ಆರ್ಡರ್‌ಗೆ ತಕ್ಷಣ ದುಡ್ಡು. ಮೂರನೆಯದು ದೊಡ್ಡದು, ಮುಂದಿನ ದಿನಾಂಕದ ಚೆಕ್ ಮೇಲೆ. ಸರಕು ಅರ್ಧ ಬೆಲೆಗೆ ಮಾರಿ, ಚೆಕ್ ತಾರೀಖು ಬರುವ ಮುಂಚೆ ಬೀಗ ಹಾಕ್ತಾರೆ. ಬೆಲೆಯಲ್ಲಿ ಚೌಕಾಸಿಯನ್ನೇ ಮಾಡದ, ಅಳತೆ, ದರ್ಜೆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದ ಗಿರಾಕಿ ಬಂದರೆ ಹುಷಾರು. ವಾಲ್ವ್ ನಿಜವಾಗಿ ಬೇಕಾದವನು ಟೆಸ್ಟ್ ಸರ್ಟಿಫಿಕೇಟಿಗೆ ಪ್ರಾಣ ತಿಂತಾನೆ.

ಚೆಕ್ ಬಗ್ಗೆ ಕಾನೂನು ಬದಲಾಗಿದೆ. 2022ರ ಜನವರಿ 2ರಿಂದ ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆದ ಚೆಕ್ ಬಹುಮಟ್ಟಿಗೆ ಪೊಲೀಸ್ ಕೇಸು ಅಲ್ಲ. ಬದಲಿಗೆ ಅದನ್ನೇ ಹಿಡಿದು ನೇರವಾಗಿ ಜಾರಿ ನ್ಯಾಯಾಲಯಕ್ಕೆ ಹೋಗಬಹುದು, ಮೊದಲಿಂದ ದಾವೆ ಹೂಡಬೇಕಿಲ್ಲ. ಅನುಕೂಲವೇ. ಆದರೆ ಖಾಲಿ ಕಂಪನಿಯ ಮೇಲೆ ಜಾರಿ ಮಾಡಿಸಿ ಸಿಗೋದು ಏನು?

ಲೆಕ್ಕದ_ಕಡತ:
60 ದಿನ ಸಾಲ ಕೊಡಲೇಬೇಕಾದರೆ ಇಸಿಜಿಸಿ (ಕೇಂದ್ರ ಸರ್ಕಾರದ ರಫ್ತು ಸಾಲ ವಿಮಾ ಸಂಸ್ಥೆ) ಪಾಲಿಸಿ ಮಾಡಿ, ಆ ಖರೀದಿದಾರನ ಹೆಸರಿಗೆ ಸಾಲದ ಮಿತಿ ಮಂಜೂರು ಮಾಡಿಸಿಕೊಂಡು ಆಮೇಲೆ ಸರಕು ಕಳಿಸಿ. ಮಿತಿ ಕೇಳಿದಾಗ ಅವರೇ ಪಾರ್ಟಿಯ ಆರ್ಥಿಕ ವರದಿ ತರಿಸ್ತಾರೆ. ನಿಮ್ಮ ಎರಡನೇ ಪ್ರಶ್ನೆಗೆ ನಿಜವಾದ ಉತ್ತರ ಸಿಗೋದು ಅಲ್ಲಿ. ಮಿತಿ ಕಡಿಮೆ ಬಂತು ಅಥವಾ ತಿರಸ್ಕಾರ ಆಯಿತು ಅಂದರೆ ಅರ್ಥಮಾಡಿಕೊಳ್ಳಿ.

ಗಡುವು ಮುಗಿದು 30 ದಿನ ಮೀರಿದ ಬಾಕಿಯನ್ನು ಮುಂದಿನ ತಿಂಗಳ 15ರೊಳಗೆ ಇಸಿಜಿಸಿಗೆ ತಿಳಿಸಬೇಕು. 'ಮುಂದಿನ ವಾರ ಹಾಕ್ತೀನಿ' ಅನ್ನೋ ವಾಟ್ಸ್ಆ್ಯಪ್ ನಂಬಿಕೊಂಡು ತಿಳಿಸದೇ ಬಿಟ್ಟರೆ ಕ್ಲೇಮ್ ತಿರಸ್ಕಾರಕ್ಕೆ ಅದೇ ಕಾರಣ ಆಗುತ್ತೆ.

ಹಡಗುಪತ್ರ:
ಇನ್ನೊಂದು ಅಪಾಯ ಈ ಮಾರ್ಗಕ್ಕೇ ವಿಶೇಷ. ಮುಂಬೈ ಬಳಿಯ ನ್ಹಾವಾ ಶೇವಾದಿಂದ ದುಬೈಯ ಜೆಬಲ್ ಅಲಿ ಬಂದರಿಗೆ ಹಡಗು ಕೆಲವೇ ದಿನದಲ್ಲಿ ಮುಟ್ಟುತ್ತೆ, ಬ್ಯಾಂಕ್ ಮೂಲಕ ಹೋಗುವ ದಾಖಲೆ ಅದಕ್ಕಿಂತ ನಿಧಾನ. ಸರಕು ಬಂದು ಕೂತಿದೆ, ಡೆಮರೇಜ್ (ತಡವಾದ ಬಾಡಿಗೆ) ಬೀಳ್ತಿದೆ, ಬಿಲ್ ಆಫ್ ಲೇಡಿಂಗ್ (ಸರಕಿನ ಹಕ್ಕು ಕೊಡುವ ಹಡಗು ಕಂಪನಿಯ ಪತ್ರ) ಸರೆಂಡರ್ ಮಾಡಿ, ಟೆಲೆಕ್ಸ್ ರಿಲೀಸ್ (ಮೂಲ ಪತ್ರ ಇಲ್ಲದೆ ಸರಕು ಬಿಡುವ ಸೂಚನೆ) ಕೊಡಿ ಅಂತ ಒತ್ತಡ ಹಾಕ್ತಾರೆ. ಕೊಟ್ಟ ಕ್ಷಣ ಡಿಪಿ (ಹಣ ಕಟ್ಟಿದ ಮೇಲೆ ಬ್ಯಾಂಕಿನಿಂದ ದಾಖಲೆ) ಷರತ್ತಿಗೆ ಬೆಲೆ ಇಲ್ಲ, ಸರಕು ಅವನದು, ಹಣ ಅವನ ಮರ್ಜಿ. ಒಪ್ಪಂದದಲ್ಲೇ ಬರೆಸಿಕೊಳ್ಳಿ: ಬಾಕಿ ಹಣ ನಮ್ಮ ಖಾತೆಗೆ ಬಂದ ಮೇಲಷ್ಟೇ ರಿಲೀಸ್. ಬಿಲ್ ಆಫ್ ಲೇಡಿಂಗನ್ನು ಖರೀದಿದಾರನ ಹೆಸರಿಗೆ ನೇರವಾಗಿ ಮಾಡಿಸಬೇಡಿ, ಅವನ ಬ್ಯಾಂಕಿನ ಆರ್ಡರಿಗೆ ಮಾಡಿಸಿ, ಅದಕ್ಕೆ ಮೊದಲೇ ಬ್ಯಾಂಕಿನ ಒಪ್ಪಿಗೆ ಪಡೆಯಿರಿ.

ವಾಲ್ವ್_ಪೀಣ್ಯ:
ಸೆಪಾ (ಭಾರತ-ಯುಎಇ ವ್ಯಾಪಾರ ಒಪ್ಪಂದ) ಸುಂಕ ವಿನಾಯಿತಿಗೆ ಬೇಕಾದ, ಸರಕು ಭಾರತದ ಮೂಲದ್ದು ಅನ್ನೋ ಪ್ರಮಾಣಪತ್ರ ಕಾನ್ಸುಲೇಟ್ ಕೊಡುತ್ತಾ?

ಹಡಗುಪತ್ರ:
ಇಲ್ಲ. ಅದು ಭಾರತದಲ್ಲೇ ಆನ್‌ಲೈನ್ ಮೂಲಕ ಅಧಿಕೃತ ಸಂಸ್ಥೆಗಳಿಂದ ಸಿಗೋದು. ಒಪ್ಪಂದ ಜಾರಿಗೆ ಬಂದದ್ದು 2022ರ ಮೇ 1ರಂದು. ಅಲ್ಲಿ ಸಾಮಾನ್ಯ ಸುಂಕ ಶೇ 5, ಒಪ್ಪಂದದಲ್ಲಿ ಬಹುಪಾಲು ಸರಕಿಗೆ ತಕ್ಷಣ ಸೊನ್ನೆ, ಕೆಲವಕ್ಕೆ ಹಂತಹಂತವಾಗಿ. ನಿಮ್ಮ ಸಾಲು ಯಾವ ವರ್ಗದಲ್ಲಿದೆ ನೋಡಿಕೊಂಡು ದರ ಹೇಳಿ. ಅದಕ್ಕಿಂತ ಮುಖ್ಯ, ಕ್ಯಾಸ್ಟಿಂಗ್ (ಎರಕದ ಬಾಡಿ) ಎಲ್ಲಿಯದು? ಚೀನಾದಿಂದ ಬಾಡಿ ತರಿಸಿ ಇಲ್ಲಿ ಯಂತ್ರಕ್ಕೆ ಹಾಕಿ ಜೋಡಿಸಿ ಕಳಿಸಿದರೆ ಅದು ತಾನಾಗಿ ಭಾರತದ ಮೂಲ ಆಗಲ್ಲ. ಉತ್ಪನ್ನವಾರು ನಿಯಮ ನೋಡಬೇಕು. ಬಹಳಷ್ಟು ಕಡೆ ಶೇ 40 ಮೌಲ್ಯವರ್ಧನೆಯ ಲೆಕ್ಕ ಬರುತ್ತೆ. ಆ ಲೆಕ್ಕದ ಹಾಳೆ, ಖರೀದಿ ಬಿಲ್ಲು ಕಡತದಲ್ಲಿ ಇರಲಿ, ಪರಿಶೀಲನೆ ವರ್ಷ ಕಳೆದ ಮೇಲೂ ಬರಬಹುದು.

ಯುಎಇ ಕಡೆ ಇನ್ನೊಂದು ಖರ್ಚು ಇದೆ. 10,000 ದಿರ್ಹಮ್ ಅಥವಾ ಹೆಚ್ಚಿನ ಮೌಲ್ಯದ ಆಮದು ಇನ್‌ವಾಯ್ಸನ್ನು ಅಲ್ಲಿಯ ವಿದೇಶಾಂಗ ಸಚಿವಾಲಯದಲ್ಲಿ ದೃಢೀಕರಿಸಬೇಕು, ಇನ್‌ವಾಯ್ಸಿಗೆ 150 ದಿರ್ಹಮ್. ಆಮದುದಾರ ಮಾಡುವ ಕೆಲಸ, ಆದರೆ ಒಂದೇ ಕಂಟೇನರಿಗೆ ಐದು ಇನ್‌ವಾಯ್ಸ್ ಹರಿದು ಕಳಿಸಿದರೆ ಬೈಗುಳ ನಿಮಗೆ.

ಕರಾವಳಿ_ಸರಕು:
ಸರಿ, ಇಷ್ಟೆಲ್ಲ ನಾವೇ ಮಾಡಿಕೊಂಡರೆ ರಾಯಭಾರ ಕಚೇರಿ ಮಾಡೋದು ಏನು? ಹಣ ಮುಳುಗಿದ ಮೇಲೆ ಒಂದು ಪತ್ರ ಬರೀತಾರೆ, ಅಷ್ಟೇ ತಾನೇ?

ಲೆಕ್ಕದ_ಕಡತ:
ಆ ಒಂದು ಪತ್ರದ ಬೆಲೆ ಗೊತ್ತಿಲ್ಲದೆ ಬಹಳ ಜನ ಎರಡನೇ ಸಲ ದುಡ್ಡು ಕಳೆದುಕೊಳ್ತಾರೆ. ಸ್ವಲ್ಪ ವಿವರವಾಗಿ ಬರೀತೀನಿ.

ರಫ್ತು ಹಣ ನಿಗದಿತ ಅವಧಿಯಲ್ಲಿ ಬರದಿದ್ದರೆ ನಷ್ಟ ಬರೀ ಸರಕಿನ ಬೆಲೆಯದ್ದಲ್ಲ. ಕಸ್ಟಮ್ಸ್‌ನವರು ಕೊಟ್ಟ ಡ್ರಾಬ್ಯಾಕನ್ನು (ರಫ್ತಿಗಾಗಿ ಮರಳಿಸಿದ ಸುಂಕ) ಬಡ್ಡಿ ಸಮೇತ ವಾಪಸ್ ಕೇಳ್ತಾರೆ. ಜಿಎಸ್‌ಟಿ ಮರುಪಾವತಿಯನ್ನೂ 96ಬಿ ನಿಯಮದಲ್ಲಿ ವಾಪಸ್ ಕೇಳ್ತಾರೆ. ಬ್ಯಾಂಕಿನ ಇಡಿಪಿಎಂಎಸ್‌ನಲ್ಲಿ (ರಫ್ತು ಹಣ ಬಂತೇ ಅಂತ ಲೆಕ್ಕವಿಡುವ ವ್ಯವಸ್ಥೆ) ಆ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಟ್ಟ ರಫ್ತು ಘೋಷಣೆ) ತೆರೆದೇ ಇರುತ್ತೆ, ಮುಂದಿನ ವ್ಯವಹಾರಕ್ಕೂ ಅದು ಅಡ್ಡಗಾಲು.

ಈಗ 2017ರ ಡ್ರಾಬ್ಯಾಕ್ ನಿಯಮಾವಳಿಯ 18ನೇ ನಿಯಮ ಓದಿ. ಮೂರು ಕಾಗದ ಒಟ್ಟಿಗೆ ಇದ್ದರೆ ಡ್ರಾಬ್ಯಾಕ್ ವಸೂಲಿ ಮಾಡುವಂತಿಲ್ಲ. ಇಸಿಜಿಸಿ ವಿಮೆಯಡಿ ನಷ್ಟ ತುಂಬಿಕೊಟ್ಟಿರಬೇಕು. ರಿಸರ್ವ್ ಬ್ಯಾಂಕ್ ಅರ್ಹತೆಯ ಮೇಲೆ ಆ ಹಣವನ್ನು ರೈಟ್ ಆಫ್ ಮಾಡಿರಬೇಕು (ಲೆಕ್ಕದಿಂದ ಕೈಬಿಟ್ಟಿರಬೇಕು). ಖರೀದಿದಾರನಿಂದ ಹಣ ವಸೂಲಾಗಿಲ್ಲ ಎಂದು ಸಂಬಂಧಪಟ್ಟ ದೇಶದ ಭಾರತೀಯ ಕಚೇರಿಯ ಪ್ರಮಾಣಪತ್ರ ಇರಬೇಕು. ಮೂರನೆಯದು ಇಲ್ಲದೆ ಮೊದಲೆರಡು ಇದ್ದರೂ ನೋಟಿಸ್ ನಿಲ್ಲಲ್ಲ. ಕಾನ್ಸುಲೇಟ್ ಮಾತ್ರ ಕೊಡಬಲ್ಲ ಕಾಗದ ಅದು.

ಆದರೆ ಮೂರು ವರ್ಷ ಸುಮ್ಮನಿದ್ದು, ಕಸ್ಟಮ್ಸ್ ನೋಟಿಸ್ ಬಂದ ಮೇಲೆ ಓಡಿಹೋಗಿ ಪ್ರಮಾಣಪತ್ರ ಕೇಳಿದರೆ ಯಾವ ಆಧಾರದ ಮೇಲೆ ಕೊಡ್ತಾರೆ? ಅವರ ಕಡತದಲ್ಲಿ ನಿಮ್ಮ ದೂರೇ ಇಲ್ಲ. ಗಡುವು ಮೀರಿದ ಮೊದಲ ತಿಂಗಳಲ್ಲೇ ದೂರು ದಾಖಲಿಸಿ. ಅವರು ಖರೀದಿದಾರನಿಗೆ ಬರೀತಾರೆ, ಕೆಲವೊಮ್ಮೆ ಕರೆಸಿ ಮಾತಾಡ್ತಾರೆ. ಅವನು ಉತ್ತರಿಸದಿದ್ದರೆ ಅದೂ ದಾಖಲೆ, 'ಸರಕು ಸರಿ ಇರಲಿಲ್ಲ' ಅಂದರೆ ಅದೂ ದಾಖಲೆ. ಆ ಎಳೆ ಇದ್ದಾಗ ಮಾತ್ರ ಪ್ರಮಾಣಪತ್ರಕ್ಕೆ ದಾರಿ.

ದೂರಿನ ಜೊತೆ ಆರ್ಡರ್ ಅಥವಾ ಒಪ್ಪಂದ, ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್, ಸರಕು ಬಿಡಿಸಿಕೊಂಡ ಪುರಾವೆ, ಬಾಕಿ ಒಪ್ಪಿಕೊಂಡ ಇಮೇಲ್, ಬೌನ್ಸ್ ಆದ ಚೆಕ್ಕಿನ ಬ್ಯಾಂಕ್ ಪತ್ರ ಇರಲಿ. ಎಲ್ಲಕ್ಕೂ ಮೇಲೆ ದಿನಾಂಕವಾರು ಒಂದು ಹಾಳೆ ಇಡಿ. ಬೈಗುಳ, ಕಣ್ಣೀರು ಬೇಡ. ಕನ್ನಡ, ಹಿಂದಿಯ ಧ್ವನಿಸಂದೇಶ ಲಗತ್ತಿಸಬೇಡಿ, ಅದನ್ನು ಯಾರೂ ಕೇಳಿ ಬರೆದುಕೊಳ್ಳಲ್ಲ.

ಹಡಗುಪತ್ರ:
ಇದರ ಚೌಕಟ್ಟು ವಿದೇಶ ವ್ಯಾಪಾರ ನೀತಿ 2023ರ 8ನೇ ಅಧ್ಯಾಯದಲ್ಲಿದೆ, ಗುಣಮಟ್ಟದ ದೂರು ಮತ್ತು ವ್ಯಾಪಾರ ವಿವಾದ. ಅದು ಎರಡೂ ಕಡೆ ಹರಿಯುತ್ತೆ ಅನ್ನೋದು ನೆನಪಿರಲಿ. ಯುಎಇ ಖರೀದಿದಾರ ನಿಮ್ಮ ವಾಲ್ವ್ ಸೋರುತ್ತೆ ಅಂತ ಅದೇ ಕಾನ್ಸುಲೇಟಿಗೆ ದೂರು ಕೊಟ್ಟರೆ ಅದು ಡಿಜಿಎಫ್‌ಟಿಯ ಬೆಂಗಳೂರು ಕಚೇರಿಗೆ ಬಂದು, ಸಮಿತಿಯ ಮುಂದೆ ಹೋಗುತ್ತೆ. ನೋಟಿಸಿಗೆ ಉತ್ತರಿಸದೆ ಕೂತರೆ 1992ರ ವಿದೇಶ ವ್ಯಾಪಾರ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಐಇಸಿ ಅಮಾನತು ಮಾಡುವ ಅಧಿಕಾರ ಅವರಿಗಿದೆ. ಸಮಿತಿ ನ್ಯಾಯಾಲಯ ಅಲ್ಲ, ಪರಿಹಾರ ಕೊಡಿಸಲ್ಲ, ರಾಜಿ ಮಾಡಿಸಲು ನೋಡುತ್ತೆ. ಸಾಗಣೆಗೆ ಮುಂಚಿನ ಒತ್ತಡ ಪರೀಕ್ಷೆಯ ವರದಿ, ಪ್ರತಿ ವಾಲ್ವಿನ ಹೀಟ್ ನಂಬರ್ (ಯಾವ ಸುತ್ತಿನ ಎರಕ ಅನ್ನೋ ಗುರುತು) ಇಟ್ಟುಕೊಂಡಿದ್ದರೆ ಒಂದೇ ಸುತ್ತಿನಲ್ಲಿ ಮುಗಿಯುತ್ತೆ.

ಮಿಡಿಸೌತೆ:
ಮಧ್ಯೆ ಬಾಯಿ ಹಾಕ್ತೀನಿ, ಆಹಾರದ ಸರಕಿಗೂ ಇದೇನಾ?

ಹಡಗುಪತ್ರ:
ದೂರು, ಪರಿಶೀಲನೆ ಇದೇ. ಸರಕು ಬಂದರಿನಲ್ಲಿ ಲೇಬಲ್ ಅಥವಾ ಕೀಟನಾಶಕದ ಉಳಿಕೆಗೆ ತಡೆಹಿಡಿದಾಗ ಮಾತ್ರ ಅಪೀಡಾ (ಕೃಷಿ, ಆಹಾರ ಉತ್ಪನ್ನಗಳ ರಫ್ತು ಪ್ರಾಧಿಕಾರ) ಮೂಲಕ ಕಾನ್ಸುಲೇಟಿಗೆ ಹೋಗಿ, ನೇರ ಬೇಡ. ಅಲ್ಲಿಯ ಅಧಿಕಾರಿಗಳು ಮಾತಾಡೋದು ಇಲ್ಲಿಯ ಅಧಿಕೃತ ಸಂಸ್ಥೆಯ ಜೊತೆ. ಪ್ರಯೋಗಾಲಯದ ವರದಿ, ಬ್ಯಾಚ್ ಸಂಖ್ಯೆ ಕೈಯಲ್ಲಿ ಇರಲಿ.

ಜೆಬಲ್‌ಅಲಿ_ಕನ್ನಡಿಗ:
ಮೇಳಗಳ ವಿಷಯ ಯಾರೂ ಎತ್ತಲಿಲ್ಲ. ವಾಲ್ವಿಗೆ ಅಬುಧಾಬಿಯ ತೈಲೋದ್ಯಮ ಮೇಳ ಅಡಿಪೆಕ್, ದುಬೈಯ ಕಟ್ಟಡ ನಿರ್ಮಾಣ ಮೇಳ ಬಿಗ್ 5 ಎರಡೂ ಸರಿಹೊಂದುತ್ತವೆ. ಒಬ್ಬರೇ ಮಳಿಗೆ ಹಿಡಿದರೆ ದುಬಾರಿ. ಅಲ್ಲಿ ಇಇಪಿಸಿಯವರು ಭಾರತದ ಮಂಟಪ ಹಾಕಿದರೆ ಅದರೊಳಗೆ ಜಾಗ ಕೇಳಿ. ಇಂಥ ನೆರವು ಮೊದಲು ಮಾರುಕಟ್ಟೆ ಪ್ರವೇಶ ಯೋಜನೆಯಲ್ಲಿ ಇತ್ತು. 2025ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದ ರಫ್ತು ಉತ್ತೇಜನ ಮಿಷನ್‌ನಲ್ಲಿ ಅದನ್ನು ಸೇರಿಸಿದ್ದಾರೆ, ಹಾಗಾಗಿ ಹಳೇ ಫಾರಂ ಹಿಡಿದು ಓಡಾಡಬೇಡಿ. ಕಾನ್ಸುಲೇಟ್ ನಿಜವಾಗಿ ಉಪಯೋಗಕ್ಕೆ ಬರೋದು ಮೇಳಕ್ಕೆ ಆರು ವಾರ ಮುಂಚೆ. 'ಈ ಐದು ಕಂಪನಿಗಳ ಖರೀದಿ ವಿಭಾಗವನ್ನು ನಮ್ಮ ಮಳಿಗೆಗೆ ಆಹ್ವಾನಿಸಿ' ಅಂತ ಹೆಸರು ಸಮೇತ ಕೇಳಿ. ದೊಡ್ಡ ಕಂಪನಿಯ ಗೇಟು ನಿಮ್ಮ ಇಮೇಲಿಗೆ ತೆರೆಯಲ್ಲ, ಅಶೋಕ ಸ್ತಂಭ ಇರುವ ಪತ್ರಕ್ಕೆ ಕಡೇ ಪಕ್ಷ ಉತ್ತರ ಬರುತ್ತೆ.

ಮಾದರಿ ವಾಲ್ವ್ ಒಯ್ಯಲು ಎಟಿಎ ಕಾರ್ನೆ (ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ದು ತರುವ ಕಸ್ಟಮ್ಸ್ ದಾಖಲೆ) ಮಾಡಿಸಿ, ವಾಣಿಜ್ಯ ಸಂಸ್ಥೆಗಳ ಒಕ್ಕೂಟ ಫಿಕ್ಕಿ ಕೊಡುತ್ತೆ, ಒಂದು ವರ್ಷದ ತನಕ ಮಾನ್ಯ. ಹೋದ ವಸ್ತುವೇ ವಾಪಸ್ ಬರಬೇಕು. ಮೇಳದಲ್ಲಿ ಯಾರಾದರೂ ಇಷ್ಟಪಟ್ಟರು ಅಂತ ಮಾರಿ ಬಂದರೆ ಸುಂಕ, ದಂಡ ನಿಮ್ಮ ಭದ್ರತಾ ಠೇವಣಿಯಿಂದ ಹೋಗುತ್ತೆ. ಹಂಚುವ ಕ್ಯಾಟಲಾಗ್, ಪೆನ್ನು ಕಾರ್ನೆಯಲ್ಲಿ ಸೇರಿಸಬೇಡಿ.

ವಾಲ್ವ್_ಪೀಣ್ಯ:
ಅಲ್ಲೇ ಕಂಪನಿ ತೆರೆಯೋದಾದರೆ?

ಜೆಬಲ್‌ಅಲಿ_ಕನ್ನಡಿಗ:
ಅದಕ್ಕೆ ನಮ್ಮ ಕಾನ್ಸುಲೇಟಿಗಿಂತ ಹೆಚ್ಚು ಕೆಲಸ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯದ್ದು. ಒಂದೇ ಮೊಹರಿನಿಂದ ವಿದೇಶದ ದಾಖಲೆ ಒಪ್ಪುವ ಅಪೊಸ್ಟಿಲ್ ಒಪ್ಪಂದಕ್ಕೆ ಯುಎಇ ಸೇರಿಲ್ಲ. ಹಾಗಾಗಿ ನೋಂದಣಿ ಪ್ರಮಾಣಪತ್ರ, ಎಂಒಎ (ಕಂಪನಿಯ ಉದ್ದೇಶಗಳ ಪತ್ರ), ಆಡಳಿತ ಮಂಡಳಿಯ ನಿರ್ಣಯ, ಪವರ್ ಆಫ್ ಅಟಾರ್ನಿ ಎಲ್ಲಕ್ಕೂ ಸರಣಿ ಮೊಹರು ಬೇಕು: ನೋಟರಿ, ವಾಣಿಜ್ಯ ಸಂಸ್ಥೆ, ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಅಲ್ಲಿ ಹೋದ ಮೇಲೆ ಯುಎಇ ವಿದೇಶಾಂಗ ಸಚಿವಾಲಯ, ಆಮೇಲೆ ಪರವಾನಗಿ ಪಡೆದವರಿಂದ ಅರಬ್ಬಿ ಅನುವಾದ. ಒಂದು ಮೊಹರು ತಪ್ಪಿದರೆ ಮುಂದಿನವರು ತೆಗೆದುಕೊಳ್ಳಲ್ಲ. ಕಾಗದ ವಾಪಸ್ ಬರೋದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ನಿರ್ಣಯದಲ್ಲಿ ಕಂಪನಿ ಹೆಸರು ಒಂದು ಬಗೆ, ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ ಇರುತ್ತೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತೆ, ನಿರ್ಣಯದಲ್ಲಿ ಬಿಡಿಸಿರಲ್ಲ. ಬ್ಯಾಂಕ್ ಖಾತೆ ತೆರೆಯುವ ಅಧಿಕಾರವನ್ನು ಪವರ್ ಆಫ್ ಅಟಾರ್ನಿಯಲ್ಲಿ ಬಾಯಿಬಿಟ್ಟು ಬರೆಯದಿದ್ದರೆ ಇಡೀ ಸರಣಿ ಮತ್ತೆ ಮಾಡಬೇಕು.

2021ರಿಂದ ಮುಖ್ಯಭೂಮಿಯಲ್ಲೂ (ಅಂದರೆ ಫ್ರೀ ಝೋನ್ ಅನ್ನೋ ವಿಶೇಷ ವಲಯಗಳ ಹೊರಗೂ) ಬಹುತೇಕ ವ್ಯಾಪಾರಕ್ಕೆ ಶೇ 100 ವಿದೇಶಿ ಮಾಲೀಕತ್ವ ಸಾಧ್ಯ, ಹಿಂದಿನ ಹಾಗೆ ಸ್ಥಳೀಯ ಪಾಲುದಾರ ಕಡ್ಡಾಯ ಅಲ್ಲ. ಸ್ಥಳೀಯ ಗುತ್ತಿಗೆದಾರರಿಗೆ ನೇರವಾಗಿ ಮಾರುವುದಾದರೆ ಮುಖ್ಯಭೂಮಿ, ಬೇರೆ ದೇಶಕ್ಕೆ ಮರುರಫ್ತು ಆದರೆ ಫ್ರೀ ಝೋನ್. ಲೈಸೆನ್ಸ್ ಬೇಗ ಸಿಗುತ್ತೆ, ಬ್ಯಾಂಕ್ ಖಾತೆಗೇ ತಿಂಗಳುಗಟ್ಟಲೆ ಹಿಡಿಯಬಹುದು. ಅದನ್ನು ಯಾವ ರಾಯಭಾರಿಯೂ ಬೇಗ ಮಾಡಿಸಲಾರರು.

ಲೆಕ್ಕದ_ಕಡತ:
ಇಲ್ಲಿಂದ ಬಂಡವಾಳ ಕಳಿಸೋದು 2022ರ ಆಗಸ್ಟ್ 22ರಿಂದ ಜಾರಿಯಾದ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ. ನಿವ್ವಳ ಮೌಲ್ಯದ ಶೇ 400ರ ತನಕ ಸ್ವಯಂಚಾಲಿತ ಮಾರ್ಗ, ಅಂದರೆ ಮೊದಲೇ ಅನುಮತಿ ಬೇಡ. ಫಾರಂ ಎಫ್‌ಸಿ ಬ್ಯಾಂಕಿಗೆ ಕೊಟ್ಟು ಯುಐಎನ್ (ಆ ಹೂಡಿಕೆಯ ಗುರುತಿನ ಸಂಖ್ಯೆ) ಪಡೆದ ಮೇಲೆ ಹಣ. ಅಲ್ಲಿಯ ಏಜೆಂಟ್ ಅವಸರ ಮಾಡಿದ ಅಂತ ಕ್ರೆಡಿಟ್ ಕಾರ್ಡಿನಲ್ಲಿ ಷೇರು ಹಣ ಕಟ್ಟಿದರೆ ಉಲ್ಲಂಘನೆ. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಾರ್ಯನಿರ್ವಹಣೆ ವರದಿ, ಜುಲೈ 15ರೊಳಗೆ ಎಫ್‌ಎಲ್‌ಎ (ವಿದೇಶಿ ಆಸ್ತಿ, ಹೊಣೆಗಳ ವಿವರ). ಅಲ್ಲಿ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9 ಕಾರ್ಪೊರೇಟ್ ತೆರಿಗೆ ಇದೆ, ತೆರಿಗೆಯೇ ಇಲ್ಲದ ಊರು ಅಂತ ಹೇಳುವವರನ್ನು ನಂಬಬೇಡಿ.

ಕರಾವಳಿ_ಸರಕು:
ಭಾರತ, ಯುಎಇ ನಡುವೆ ಹೊಸ ಹೂಡಿಕೆ ಒಪ್ಪಂದ ಬಂದಿದೆಯಲ್ಲ, ಬಾಕಿ ಹಣಕ್ಕೆ ಅದು ಉಪಯೋಗ ಇಲ್ಲವಾ?

ಲೆಕ್ಕದ_ಕಡತ:
2024ರ ಆಗಸ್ಟ್ 31ರಿಂದ ಜಾರಿಯಲ್ಲಿದೆ. ಅದು ಅಲ್ಲಿಯ ಸರ್ಕಾರದ ಕ್ರಮದಿಂದ ಹೂಡಿಕೆಗೆ ಹೊಡೆತ ಬಿದ್ದಾಗ ಬಳಸುವ ಒಪ್ಪಂದ. ಆಗಲೂ ಮೊದಲು ಮೂರು ವರ್ಷ ಸ್ಥಳೀಯ ಪರಿಹಾರ ಹುಡುಕಬೇಕು. ಸರಕು ಮಾರಿದ ಬಾಕಿ ಹೂಡಿಕೆ ಅಲ್ಲ. ವಾಲ್ವಿನ ದುಡ್ಡಿಗೆ ಚೆಕ್, ಇಸಿಜಿಸಿ, ಕಾನ್ಸುಲೇಟ್ ದೂರು, ಇಂಥ ದಾರಿಗಳನ್ನೇ ಹಿಡಿಯಬೇಕು.

ವಾಲ್ವ್_ಪೀಣ್ಯ:
ಹಾಗಾದರೆ ಅಬುಧಾಬಿ ಗುತ್ತಿಗೆದಾರನಿಗೆ ಶೇ 30 ಮುಂಗಡ, ಉಳಿದದ್ದು ಡಿಪಿ ಅಂತ ಬರೀತೀನಿ. ದುಬೈಯವರ ಲೈಸೆನ್ಸ್ ಇವತ್ತೇ ನೋಡಿದೆ, ವ್ಯಾಪಾರದ ಕಾಲಂನಲ್ಲಿ ಬಟ್ಟೆ, ಸುಗಂಧದ್ರವ್ಯ ಅಂತಿದೆ.

ಜೆಬಲ್‌ಅಲಿ_ಕನ್ನಡಿಗ:
ಅವರಿಗೆ ಪೂರ್ತಿ ಮುಂಗಡ ಕೇಳಿ, ಆಗ ಅವರೇ ದಾರಿ ಬಿಡ್ತಾರೆ. ಅಬುಧಾಬಿ ಪತ್ರವನ್ನು ಸೋಮವಾರ ಬೆಳಿಗ್ಗೆ ಕಳಿಸಿ. 2022ರಿಂದ ಅಲ್ಲಿ ಶುಕ್ರವಾರ ಅರ್ಧ ದಿನ, ಶನಿವಾರ, ಭಾನುವಾರ ರಜೆ. ನಮ್ಮ ಗಂಟೆ ಹನ್ನೊಂದೂವರೆ ಆದಾಗ ಅಲ್ಲಿ ಹತ್ತು.